ಮೂರು ಕೆಲಸದ ಪೆಟ್ಟಿಗೆ

ಕುತಾಯಿಸಿಯ ಪೇಟೆಯಲ್ಲಿ, ಅಕ್ರೋಟು ತೂಗುವವರ ಮಗ್ಗುಲಿಗೇ
ಒಂದು ಗಾಜಿನ ಅಂಗಡಿ.
ಮೂರು ಕೆಲಸದ ಒಂದು ಪೆಟ್ಟಿಗೆ ಕೊಳ್ಳಲು ಬಂದಿದ್ದೇವೆ
ಲಮಾರಾ ಮತ್ತು ನಾನು.
ಅಚ್ಚು ಹಾಕಬೇಕು, ನಕಲು ತೆಗೆಯಬೇಕು,
ಹಾಳೆಯ ಮುಖ ನೋಡಿ ನೆನಪಿಟ್ಟುಕೊಳ್ಳಬೇಕು.
ಅಷ್ಟೇ. ಫ್ಯಾಕ್ಸು ಬೇಡ. ಮದುವೆ ಫೋಟೋ ಬೇಡ;
ನಮ್ಮದಾಗಿ ನಲವತ್ತೊಂದು ವರ್ಷ, ಬಣ್ಣ ಆಗಲೂ ಇರಲಿಲ್ಲ.

ಸಿಗರೇಟು ಪೊಟ್ಟಣದ ಬೆನ್ನ ಮೇಲೆ ನನ್ನ ಲೆಕ್ಕ:
ಅಗ್ಗದ್ದಕ್ಕೆ ಇನ್ನೂರ ನಲವತ್ತು ಲರಿ,
ಅದರ ಮಸಿಯ ಎರಡು ಡಬ್ಬಿಗೆ ನೂರ ಎಂಬತ್ತು,
ಇನ್ನೂರು ಹಾಳೆಗೆ ಡಬ್ಬಿಯ ಬಾಯಿ ಒಣಗುತ್ತದೆ.
ಮೂಗಿಗಿಂತ ಮೂಗುತಿ ಭಾರ!
ಪಕ್ಕದ್ದು, ಹೊಟ್ಟೆಯಲ್ಲೇ ಮಸಿಯ ತೊಟ್ಟಿ ಇಟ್ಟುಕೊಂಡದ್ದು,
ಆರು ನೂರ ಹತ್ತು; ಎರಡು ವರ್ಷ ಬಾಯಾರುವುದಿಲ್ಲವಂತೆ.
ಮೂವತ್ತು ವರ್ಷ ವ್ಯಾನು ಓಡಿಸಿದವನು ನಾನು,
ಗಾಡಿಯ ಬೆಲೆ ನೋಡಬೇಡ, ಅದು ಕುಡಿಯುವುದನ್ನು ನೋಡು
ಎಂದು ಎಷ್ಟು ಜನಕ್ಕೆ ಹೇಳಿಲ್ಲ.

ಅಂಗಡಿಯ ಹುಡುಗ ಬಚಾನಾ, ಕೊರಳಲ್ಲಿ ಬಿಲ್ಲೆ,
ನಿಮಿಷಕ್ಕೆ ಇಷ್ಟು ಹಾಳೆ, ತಂತಿಯಿಲ್ಲದೆ ಫೋನಿನಿಂದಲೇ, ಅಂಚಿಲ್ಲದ ಚಿತ್ರ,
ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ.
ಲಮಾರಾ ಕೇಳಲಿಲ್ಲ. ಚೀಲ ಬಿಚ್ಚಿದಳು.
ಹಳದಿಗಟ್ಟಿದ ಪಿಯಾನೋ ಸ್ವರದ ಹಾಳೆ,
ಮೂಲೆಯಲ್ಲಿ ಲೋಟದ ತಳದ ಉಂಗುರ,
ಗೆರೆಗಳ ಸಂದಿಯಲ್ಲಿ ಇರುವೆ ಸಾಲಿನಂಥ ಪೆನ್ಸಿಲು.
"ಇದನ್ನು ಎಲ್ಲದರಲ್ಲೂ ಒಂದೊಂದು ಸಲ ತೆಗೆ, ಮಗೂ."

ಎತೇರಿಯ ಪೆನ್ಸಿಲು ಅದು.
ಇವಳ ಹತ್ತನೇ ವಯಸ್ಸಿನ ಬೆರಳುಗಳನ್ನು ತಿದ್ದಿದವಳು, ಈಗಿಲ್ಲ.
ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ
ಒಲೆಗೆ ಕುರ್ಚಿ ಹಾಕಿದೆವು, ಪುಸ್ತಕದ ಕಪಾಟು ಹಾಕಿದೆವು,
ಕೊನೆಗೆ ಪುಸ್ತಕಗಳನ್ನೂ.
ಈ ಹಾಳೆಗಳ ಮೇಲೆ ಮಾತ್ರ ಲಮಾರಾ ಕೂತಿದ್ದಳು,
ಕಾವು ಕೂರುವ ಕೋಳಿಯ ಹಾಗೆ.

ಆರು ನೂರ ಹತ್ತರದ್ದು ಸದ್ದಿಲ್ಲದೆ ಕೊಟ್ಟಿತು
ಮಡಿ ಬಟ್ಟೆಯಂಥ ಹಾಳೆ.
ಹಳದಿ ಇಲ್ಲ. ಉಂಗುರ ಇಲ್ಲ.
ಎತೇರಿಯೂ ಇಲ್ಲ.
"ಕೊಳೆಯನ್ನು ತಾನೇ ಗುರುತಿಸಿ ಒರೆಸುತ್ತೆ, ನೋಡಿ,"
ಹುಡುಗನಿಗೆ ಹೆಮ್ಮೆ.
ಒರೆಸಬೇಡ ಎನ್ನುವ ಗುಂಡಿ ಎಲ್ಲೋ ಇದೆಯಂತೆ;
ಹುಡುಕಿದ, ಕಿವಿ ಕೆಂಪಾಗುವವರೆಗೆ ಹುಡುಕಿದ,
ಸಿಗಲಿಲ್ಲ.

ಅಗ್ಗದ್ದು ಕೆಮ್ಮಿತು, ನಡುಗಿತು,
ಹಾಳೆಯನ್ನು ಅರ್ಧಕ್ಕೆ ಹಿಡಿದು ಏನೋ ಯೋಚಿಸಿತು,
ಕೊನೆಗೆ ಉಗುಳಿತು.
ಉಂಗುರ ಇತ್ತು. ಮಡಿಕೆ ಇತ್ತು.
ಹಾಳೆ ಒತ್ತಿ ಹಿಡಿದ ಲಮಾರಾಳ ಹೆಬ್ಬೆರಳಿನ ನೆರಳೂ ಇತ್ತು.
ಮೂರನೇ ಸಾಲಿನ ಮೇಲೆ, ಬೂದುಬಣ್ಣದಲ್ಲಿ,
ಆತುರ ಬೇಡ, ಲಮಾರಾ. ಇಲ್ಲಿ ಉಸಿರಾಡು.

ಕಾಸಿಗೆ ತಕ್ಕ ಕಜ್ಜಾಯ ಎಂದು ನಾನು ಬಾಯಿ ತೆರೆದೆ,
ಮಸಿಯ ಲೆಕ್ಕದ ಪೊಟ್ಟಣ ಮುಂದೆ ಹಿಡಿದೆ.
ಅವಳು ಪೊಟ್ಟಣವನ್ನು ಅಂಗಾತ ತಿರುಗಿಸಿ
ಅದರ ಬೆಲೆ ಓದಿದಳು, ಗಟ್ಟಿಯಾಗಿ.
ಹುಡುಗ ನಕ್ಕ. ನಾನು ಇನ್ನೂರ ನಲವತ್ತು ಎಣಿಸಿದೆ.

ಪೆಟ್ಟಿಗೆ ಈಗ ಫ್ರಿಜ್ಜಿನ ತಲೆಯ ಮೇಲಿದೆ.
ಮೊದಲು ಗ್ಯಾಸಿನ ಬಿಲ್ಲು ತೆಗೆದೆವು, ಶಾಸ್ತ್ರಕ್ಕೆ.
ಆಮೇಲೆ ಒಂಬತ್ತು ನಕಲು, ಒಂಬತ್ತು ಮಕ್ಕಳಿಗೆ.
ಮಂಗಳವಾರ ತೆಕ್ಲಾ ಬಂದಳು, ಎಂಟು ವರ್ಷ, ಮುಂದಿನ ಹಲ್ಲಿಲ್ಲ.
"ಇದು ನಿಮಗೆ ಬರೆದದ್ದು ಟೀಚರ್, ನನಗಲ್ಲ."
ಲಮಾರಾ ಏನೂ ಹೇಳಲಿಲ್ಲ, ಪೆಡಲಿನ ಕೆಳಗೆ ಮಣೆ ಸರಿಸಿದಳು.

ಅಡುಗೆಮನೆಯಲ್ಲಿ ನಾನು ಅಕ್ರೋಟು ಒಡೆಯುತ್ತಿದ್ದೇನೆ.
ಮೊದಲ ಸಾಲು ಎಡವುತ್ತ ಹೋಯಿತು, ಎರಡನೆಯದು ಓಡಿತು.
ಮೂರನೆಯದು ಬರುತ್ತಿದೆ.
ನನ್ನ ಸುತ್ತಿಗೆ ಗಾಳಿಯಲ್ಲೇ ನಿಂತಿದೆ,
ಫ್ರಿಜ್ಜಿನ ಮೇಲೆ ಆ ದರಿದ್ರ ಪೆಟ್ಟಿಗೆ
ಮಸಿ ಮುಗಿಯಿತೆಂದು ಆಗಲೇ ಕೆಂಪಗೆ ಮಿಟುಕುತ್ತಿದೆ.